ಒಂಬತ್ತನೇ ಸುತ್ತಿನ ಕೆಮ್ಮು

"ಹಾಳೆ ತೊಳೆಯೋಳಿಗೆ ಹಾಡಿನ ಹಕ್ಕಂತೆ. ನಾಳೆ ಕಸ ಗುಡಿಸೋಳು ಬಂದು ಕಟ್ಟಡಾನೇ ನಂದು ಅಂತಾಳೆ, ಬಿಟ್ಕೊಡಿ."

ಕಂಪನಿಯ ವಕೀಲ ಇದನ್ನು ಅಮ್ಮನಿಗೆ ಹೇಳಲಿಲ್ಲ. ಅವಳ ತಲೆಯ ಮೇಲಿನಿಂದ, ಎದುರು ಕೂತಿದ್ದ ನಮ್ಮ ಮ್ಯಾನೇಜರಿಗೆ ಹೇಳಿದ. ಕೋಣೆಯಲ್ಲಿ ಎರಡು ಕುರ್ಚಿ ಖಾಲಿ ಇದ್ದವು, ಕೂರು ಅಂತ ಯಾರೂ ಅನ್ನಲಿಲ್ಲ. ನಾನು ಅಮ್ಮನ ಹಿಂದೆ ಬಾಗಿಲಿಗೆ ಆತುಕೊಂಡು ನಿಂತಿದ್ದೆ. ನಾನು ಆ ಕಂಪನಿಯವಳೇ. ಹಳೆಯ ಟಿವಿ ಕಾರ್ಟೂನುಗಳನ್ನು ಡಿಸ್ಕಿಗೆ ಹಾಕಿ ಮಾರುವ ಕಂಪನಿ ಅದು. ನೆಲಮಾಳಿಗೆಯಲ್ಲಿ ಕೂತು ಹಳೇ ಟೇಪುಗಳ ಗರಗರ ತೆಗೆದು ಧ್ವನಿ ಚೊಕ್ಕಟ ಮಾಡುವುದು ನನ್ನ ಕೆಲಸ. ಅಮ್ಮ ತೊಳೆದಳು, ನಾನೂ ತೊಳೆಯುತ್ತೇನೆ. ನನಗೆ ಕುರ್ಚಿ ಸಿಕ್ಕಿದೆ ಅನ್ನುವುದೊಂದೇ ವ್ಯತ್ಯಾಸ.

ಎರಡು ತಿಂಗಳ ಹಿಂದೆ ಇದೇ ವಕೀಲ ನಮ್ಮ ಒಂದು ಕೋಣೆಯ ಮನೆಗೆ ಬಂದು, ಮಂಚದ ತುದಿಯಲ್ಲಿ ಕೂತು, ಅಮ್ಮನನ್ನು ಅಮ್ಮಾವ್ರೇ ಅಂತ ಕರೆದಿದ್ದ. ಅವತ್ತು ಹಾಡು ಅವಳದೇ ಆಗಿತ್ತು.

ಹಾಡಿನ ಕಥೆ ಹೇಳಬೇಕು. ಆ ಕಾಲದಲ್ಲಿ ಕಾರ್ಟೂನಿನ ಚಿತ್ರಗಳನ್ನು ಗಾಜಿನಂಥ ತೆಳು ಹಾಳೆಗಳ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. ಫೋಟೋ ತೆಗೆದಾದ ಮೇಲೆ ಆ ಹಾಳೆಗಳನ್ನೇ ತೊಳೆದು ಮತ್ತೆ ಬಳಸುತ್ತಿದ್ದರು. ತೊಳೆಯುವ ಕೋಣೆ ಸ್ಟುಡಿಯೋದ ಹಿಂಬದಿಯಲ್ಲಿತ್ತು: ನಾಲ್ಕು ತೊಟ್ಟಿ, ನಾಲ್ವರು ಹೆಂಗಸರು, ಅಂಗೈಯಗಲದ ಒಂದು ಕಿಟಕಿ. ಅಮ್ಮ, ಅವಳಕ್ಕ ಅಂದರೆ ನನ್ನ ದೊಡ್ಡಮ್ಮ, ಮತ್ತಿಬ್ಬರು. ತೊಟ್ಟಿಯಲ್ಲಿದ್ದ ದ್ರವದ ಹೆಸರು ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಅದರ ಹಬೆಗೆ ಗೋಡೆ ಗಡಿಯಾರ ತಿಂಗಳೊಪ್ಪತ್ತಿನಲ್ಲಿ ತುಕ್ಕು ಹಿಡಿದು ನಿಂತುಹೋಗುತ್ತಿತ್ತು. ಎರಡು ಗಡಿಯಾರ ಹಾಳಾದ ಮೇಲೆ ಮೇಸ್ತ್ರಿ ಮೂರನೆಯದನ್ನು ಅಲ್ಲಿಡಲಿಲ್ಲ, ಪಾಪ, ಗಡಿಯಾರ ಹಾಳಾಗುತ್ತದೆ ಅಂತ. ಹೆಂಗಸರನ್ನು ಮಾತ್ರ ಬದಲಾಯಿಸಲಿಲ್ಲ.

ಆದರೆ ಹೊತ್ತು ತಿಳಿಯದೆ ಆ ಕೆಲಸ ಆಗುವುದಿಲ್ಲ. ಬೇಗ ಎತ್ತಿದರೆ ಹಾಳೆಯಲ್ಲಿ ಬಣ್ಣ ಉಳಿಯುತ್ತದೆ, ತಡವಾದರೆ ಹಾಳೆಯೇ ಮಬ್ಬಾಗುತ್ತದೆ. ಮಬ್ಬಾದ ಹಾಳೆಯನ್ನು ಮೇಸ್ತ್ರಿ ಸುರುಳಿ ಸುತ್ತಿ ಅದರಿಂದಲೇ ಕೆನ್ನೆಗೆ ಬಾರಿಸುತ್ತಿದ್ದ. ಅದಕ್ಕೇ ಅವರು ಹಾಡು ಕಟ್ಟಿಕೊಂಡರು. 'ಬಿಡು ಬಿಡು ಬಣ್ಣವೇ, ಬಂದ ದಾರಿ ಹಿಡಿ ಬಣ್ಣವೇ' ಅಂತ ಶುರುವಾಗಿ ಹನ್ನೆರಡು ಸುತ್ತು. ಮೊದಲ ಸುತ್ತಿಗೆ ಹಾಳೆ ಮುಳುಗಿಸುವುದು, ಹನ್ನೆರಡು ಮುಗಿದ ತಕ್ಷಣ ಎತ್ತುವುದು.

ಒಂಬತ್ತನೇ ಸುತ್ತಿಗೆ ಬರುವಷ್ಟರಲ್ಲಿ ದೊಡ್ಡಮ್ಮನಿಗೆ ಕೆಮ್ಮು ಒತ್ತರಿಸಿಕೊಂಡು ಬರುತ್ತಿತ್ತು. ಹಾಡು ನಿಲ್ಲಿಸುವಂತಿಲ್ಲ, ನಿಂತರೆ ಹೊತ್ತು ತಪ್ಪುತ್ತದೆ. ಅವಳು ಮೂರು ಸಲ ಕೆಮ್ಮಿ ಮುಗಿಸುವವರೆಗೆ ಉಳಿದ ಮೂವರು ಒಂದೇ ಗುನುಗು ಹಿಡಿದು ನಿಲ್ಲುತ್ತಿದ್ದರು, ಆಮೇಲೆ ಮುಂದಕ್ಕೆ. ಬರುಬರುತ್ತಾ ಕೆಮ್ಮೂ ಹಾಡಿನ ಅಳತೆಗೆ ಸೇರಿಹೋಯಿತು. ಕೆಮ್ಮು ಬಾರದ ದಿನವೂ ದೊಡ್ಡಮ್ಮ ಬೇಕೆಂದೇ ಕೆಮ್ಮುತ್ತಿದ್ದಳಂತೆ. ಇಲ್ಲದಿದ್ದರೆ ಬಣ್ಣ ಉಳಿಯುತ್ತಿತ್ತು.

ಕಿಟಕಿಯಾಚೆ ಸಿಗರೇಟು ಸೇದಲು ಬಂದ ಸಂಗೀತದ ಮೇಷ್ಟ್ರು ಇದನ್ನು ಕೇಳಿದ. ಒಂದು ಮಧ್ಯಾಹ್ನ ನಾಲ್ವರನ್ನೂ ಒದ್ದೆ ಕೈಯಲ್ಲೇ ಕರೆಸಿ, ಮೈಕಿನ ಮುಂದೆ ಹಾಡಿಸಿ, ವಾಪಸು ತೊಟ್ಟಿಗೆ ಅಟ್ಟಿದ. ಆಗ ಶುರುವಾಗಲಿದ್ದ ಕಾರ್ಟೂನು ಬಟ್ಟೆ ಒಗೆಯುವ ಆನೆಯದು. ಮೊದಲು ಹಾಡು, ಆಮೇಲೆ ಚಿತ್ರ. ಟೇಪಿನಲ್ಲಿ ಕೆಮ್ಮು ಇದ್ದುದರಿಂದ ಬರೆಯುವವರು ಆನೆಯನ್ನೂ ಕೆಮ್ಮಿಸಿದರು. ಆನೆ ಮೂರು ಸಲ ಕೆಮ್ಮಿದರೆ ತೊಟ್ಟಿಯ ನೀರೆಲ್ಲ ಸೂರಿಗೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಶಾಲೆಯಲ್ಲಿ ಎಲ್ಲರೂ ದೊಡ್ಡಮ್ಮನ ಕೆಮ್ಮು ಕೆಮ್ಮುತ್ತಿದ್ದರು. ಮನೆಗೆ ಬಂದರೆ ಅದೇ ಕೆಮ್ಮು ಮೂಲೆಯ ಚಾಪೆಯಿಂದ ಕೇಳುತ್ತಿತ್ತು, ಅಲ್ಲಿ ಯಾರೂ ನಗುತ್ತಿರಲಿಲ್ಲ. ನನಗೆ ಏಳು ವರ್ಷವಾಗಿದ್ದಾಗ ದೊಡ್ಡಮ್ಮ ಸತ್ತಳು. ಅವಳ ಹಿಂದೆ ಮತ್ತಿಬ್ಬರು. ದೊಡ್ಡಮ್ಮನದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವಳದು ಅಂತ ಈ ಭೂಮಿಯ ಮೇಲೆ ಉಳಿದಿದ್ದು ಆ ಟೇಪಿನಲ್ಲಿರುವ ದನಿ ಒಂದೇ.

ತೆರೆಯ ಮೇಲೆ ಹಾಡು ಮೇಷ್ಟ್ರದು ಅಂತ ಬಂತು. ಆದರೆ ಮೇಷ್ಟ್ರು ಹಾಡು ಕೊಟ್ಟಿದ್ದು ಟಿವಿಗೆ ಮಾತ್ರ. ಜನ ಕಾರ್ಟೂನನ್ನು ಡಬ್ಬಿಯಲ್ಲಿ ಕೊಂಡು ಮನೆಗೊಯ್ಯುತ್ತಾರೆ ಅಂತ ಆಗ ಯಾರಿಗೆ ಹೊಳೆದಿತ್ತು? ಈಗ ಮೇಷ್ಟ್ರು ಸತ್ತು, ಮಗ ಡಿಸ್ಕಿಗೆ ಸುತರಾಂ ಕೊಡುವುದಿಲ್ಲ ಅಂದ. ಹಾಗಾದರೆ ಹಾಡು ಮೇಷ್ಟ್ರದೇ ಅಲ್ಲ ಅಂತ ತೋರಿಸೋಣ ಎಂದು ವಕೀಲ ನಮ್ಮ ಮಂಚದ ತುದಿಗೆ ಬಂದದ್ದು. ಅಮ್ಮ ಎಲ್ಲ ಹೇಳಿದಳು, ಸಹಿ ಹಾಕಿದಳು. ಕೇಳಿದ್ದು ಒಂದೇ: ತೆರೆಯ ಮೇಲೆ ನಾಲ್ವರ ಹೆಸರು ಬರಲಿ, ಮೊದಲು ಅಕ್ಕನದು. ಆಗಲಿ ಅಮ್ಮಾವ್ರೇ ಅಂದಿದ್ದ.

ಈಗ ಮೇಷ್ಟ್ರ ಮಗ ಅಪ್ಪನ ಕೈಬರಹದ ಸ್ವರದ ಕಾಗದ ತಂದು ಈ ಮೇಜಿಗೆ ಬಡಿದು ಹೋಗಿದ್ದಾನೆ. ಅಮ್ಮ ಅದನ್ನು ಹತ್ತಿರದಿಂದ ನೋಡಿದಳು. ಸಹಿಯೊಂದು ಬಿಟ್ಟರೆ ಓದು ಬರಹ ಬರುವುದಿಲ್ಲ, ಆದರೂ ಬೆರಳಿಟ್ಟು ಸಾಲು ಎಣಿಸಿದಳು.

"ಇದರಲ್ಲಿ ಕೆಮ್ಮು ಬರೆದಿದಾನಾ?" ಅಂದಳು.

"ಕೆಮ್ಮು ಯಾವನಾದ್ರೂ ಬರೀತಾನೇನಮ್ಮ?" ಅಂದ ವಕೀಲ.

"ಹಂಗಾದ್ರೆ ಈ ಹಾಡಿಗೆ ಹಾಳೆ ತೊಳೆದ್ರೆ ಬಣ್ಣ ಉಳಿಯುತ್ತೆ. ಒಂದು ತೊಟ್ಟಿ ತರ್ಸಿ ಸಾಮಿ. ಅವನ ಹಾಡಿಗೊಂದು ಹಾಳೆ, ನಮ್ಮ ಹಾಡಿಗೊಂದು ಹಾಳೆ. ಯಾವುದು ಚೊಕ್ಕ ಬರುತ್ತೋ ನೀವೇ ನೋಡಿ."

ವಕೀಲ ನಗು ತಡೆಯಲಾರದೆ ಮೇಜು ತಟ್ಟಿದ. ಕೋರ್ಟಿನಲ್ಲಿ ಬಚ್ಚಲು ಕಟ್ಟಿಸಬೇಕಂತೆ ಅಂದ. ಆಮೇಲೆ ಎರಡನೇ ಕಾಗದ ಮುಂದೆ ತಳ್ಳಿದ. ಹಾಡಿಗೂ ನನಗೂ ಸಂಬಂಧವಿಲ್ಲ, ಮೊದಲು ಹೇಳಿದ್ದು ಸುಳ್ಳು, ಅಂತ. ಇಲ್ಲದಿದ್ದರೆ ಮೇಷ್ಟ್ರ ಮಗ ಕಂಪನಿಯನ್ನು ಕೋರ್ಟಿಗೆಳೆಯುತ್ತಾನೆ. ಅಮ್ಮ ಪೆನ್ನು ಮುಟ್ಟಲಿಲ್ಲ. ಆಗ ವಕೀಲ ಮೊದಲ ಸಲ ನನ್ನ ಕಡೆ ನೋಡಿ, ಇವಳ ಮಗಳು ಇಲ್ಲೇ ಅಲ್ವಾ ಕೆಲಸಕ್ಕಿರೋದು ಅಂತ ಮ್ಯಾನೇಜರನ್ನು ಕೇಳಿದ.

ಅಮ್ಮ ಸಹಿ ಹಾಕಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪೆನ್ನು ಇಟ್ಟವಳಿಗೆ ಕೆಮ್ಮು ಬಂತು. ಮೂರು ಸಲ, ಎದೆಯ ಆಳದಿಂದ. ವಕೀಲ ಕರವಸ್ತ್ರ ಮೂಗಿಗೆ ಹಿಡಿದು ಕುರ್ಚಿ ಹಿಂದೆ ಸರಿಸಿದ. ಮ್ಯಾನೇಜರು ಮಾತ್ರ ಅಲುಗಾಡಲಿಲ್ಲ. ಇವನಿಗೆ ನಾವಿಟ್ಟ ಹೆಸರು ಇಸ್ತ್ರಿ, ಅಂಗಿಯ ಮೇಲೆ ಒಂದು ಸುಕ್ಕು ಕಂಡವರಿಲ್ಲ. ಇಸ್ತ್ರಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಆ ಕೆಮ್ಮನ್ನು ಕೊನೆಯವರೆಗೂ ಕೇಳಿದ. ಅವನು ಯಾಕೆ ಹಾಗೆ ಕೇಳಿದ ಅಂತ ನನಗೆ ಆಗ ತಿಳಿಯಲಿಲ್ಲ.

ಹಾಡಿಲ್ಲದೆಯೇ ಡಿಸ್ಕು ಮಾರುವುದು ಅಂತ ಕಂಪನಿ ತೀರ್ಮಾನಿಸಿತು. ಟೇಪುಗಳಿಂದ ಹಾಡು ಕಿತ್ತುಹಾಕುವ ಕೆಲಸ ನನ್ನ ಪಾಲಿಗೇ ಬಂತು. ಹಳೇ ಟೇಪಿನಲ್ಲಿ ಹಾಡು, ಮಾತು, ನೀರಿನ ಸದ್ದು ಎಲ್ಲ ಒಂದಕ್ಕೊಂದು ಬೆರೆತಿರುತ್ತವೆ. ಹಾಡು ಕಿತ್ತರೆ ಎಲ್ಲವೂ ಕಿತ್ತು ಬರುತ್ತದೆ. ಐವತ್ತೆರಡು ಕಂತು, ಐವತ್ತೆರಡು ಸಲ ದೊಡ್ಡಮ್ಮ. ಕತ್ತರಿಸಿದ ಜಾಗಕ್ಕೆ ಯಾವುದೋ ಡಬ್ಬಾ ಸಂಗೀತ ತುಂಬಬೇಕು. ಆನೆ ಬಾಯಿ ಬಿಟ್ಟಲ್ಲೆಲ್ಲ ಬೇರೆಯವರ ದನಿ. ಬಾಗಿಲಲ್ಲಿ ಫೋನು, ಚೀಲ ಎಲ್ಲ ಕಸಿದುಕೊಳ್ಳುತ್ತಾರೆ, ಒಂದು ತುಣುಕು ಕೂಡ ಹೊರಗೆ ಒಯ್ಯುವಂತಿಲ್ಲ. ಮೇಷ್ಟ್ರ ಮಗನ ಷರತ್ತಿನಂತೆ, ಕೆಲಸ ಮುಗಿದ ಟೇಪುಗಳು ಮೂಲೆಯ ಪುಡಿ ಮಾಡುವ ಯಂತ್ರಕ್ಕೆ ಹೋಗುತ್ತಿದ್ದವು. ದಿನಕ್ಕೆ ನಾಲ್ಕೈದು. ಆ ಯಂತ್ರದ ಕರಕರ ಸದ್ದು ಕೇಳುತ್ತಾ ನಾನು ಮುಂದಿನದನ್ನು ಕತ್ತರಿಸುತ್ತಿದ್ದೆ.

ಒಂದೇ ಟೇಪು ಉಳಿದಾಗ ಇಸ್ತ್ರಿ ಕೆಳಗಿಳಿದು ಬಂದ. ಡಿಸ್ಕಿನ ಡಬ್ಬಿಯ ಮೇಲೆ ಕೆಮ್ಮುವ ಆನೆಯ ಚಿತ್ರವೇ ಅಚ್ಚಾಗಿಬಿಟ್ಟಿದೆ, ಆ ಕೆಮ್ಮಿಗಾಗಿಯೇ ಜನ ಕೊಳ್ಳುತ್ತಾರೆ. ಹಳೇ ಕೆಮ್ಮನ್ನು ಇಡೋಣವೆಂದರೆ ಅದರಡಿಯಲ್ಲಿ ಮೂವರ ಗುನುಗಿದೆ, ಗುನುಗು ಅಂದರೆ ಹಾಡು, ಹಾಡಿಗೆ ಹಕ್ಕಿನ ತೊಂದರೆ. ಅಣಕು ಕಲಾವಿದನೊಬ್ಬನನ್ನು ಕರೆಸಿ ಎರಡು ದಿನ ಕೆಮ್ಮಿಸಿ ನೋಡಿದ್ದರು. ಅವನ ಗಂಟಲು ಕಿತ್ತುಹೋಯಿತೇ ಹೊರತು ಆ ಕೆಮ್ಮು ಬರಲಿಲ್ಲ.

"ನಿಮ್ಮಮ್ಮನ್ನ ಕರ್ಕೊಂಡು ಬಾ," ಅಂದ ಇಸ್ತ್ರಿ. "ಅವತ್ತು ಕೇಳಿದ್ನಲ್ಲ. ಅದೇ ಕೆಮ್ಮು."

"ಅದು ಕಾಯಿಲೆ ಸಾರ್."

"ಅದಕ್ಕೇ ಅಷ್ಟು ಚೆನ್ನಾಗಿದೆ. ಕೆಮ್ಮಿಗೆ ಯಾವ ಹಕ್ಕೂ ಇಲ್ಲ, ತಕರಾರೂ ಇಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ."

ಮನೆಗೆ ಬಂದು ಪಾತ್ರೆ ಎತ್ತಿ ಕುಕ್ಕಿದೆ. ಆ ಬೋಳಿಮಗನ ಕೆಲಸಕ್ಕೆ ಬೆಂಕಿ ಬೀಳಲಿ, ನಾಳೆಯಿಂದ ಹೋಗುವುದಿಲ್ಲ ಅಂದೆ. ನನ್ನ ಬೈಗುಳ ಮುಗಿದ ಮೇಲೆ ಅಮ್ಮ, ಆ ಉಳಿದ ಒಂದು ಟೇಪಿನಲ್ಲಿ ಅಕ್ಕ ಇದ್ದಾಳಾ ಅಂತ ಕೇಳಿದಳು. ಇದ್ದಾಳೆ ಅಂದೆ.

"ಬರ್ತೀನಿ ಅನ್ನು. ಆದ್ರೆ ಮೊದ್ಲು ಅದನ್ನ ಒಂದ್ಸಲ ಕೇಳಿಸ್ಬೇಕು."

ಇಸ್ತ್ರಿಗೆ ಅದು ಒಳ್ಳೆಯದೇ ಆಯಿತು. ಕೇಳಲಿ, ಅದೇ ಅಳತೆಗೆ ಕೆಮ್ಮುತ್ತಾಳೆ ಅಂದ.

ಬೆಳಿಗ್ಗೆ ಹತ್ತಕ್ಕೆ ಅಮ್ಮ ಗಾಜಿನ ಕೋಣೆಯೊಳಗೆ ಮೈಕಿನ ಮುಂದೆ ನಿಂತಿದ್ದಳು. ನಾನು ಗಾಜಿನ ಈಚೆ ಯಂತ್ರದ ಮುಂದೆ, ನನ್ನ ಭುಜದ ಹಿಂದೆ ಇಸ್ತ್ರಿ. ಅವಳ ಕಿವಿಗೆ ಹೆಡ್‌ಫೋನು ಹಾಕಿ ಟೇಪು ಓಡಿಸಿದೆ. ಮೊದಲ ಸುತ್ತಿಗೇ ಅಮ್ಮನ ಕೈಗಳು ಮುಂದಕ್ಕೆ ಚಾಚಿ ಇಲ್ಲದ ತೊಟ್ಟಿಗೆ ಇಳಿದವು. ಒಂಬತ್ತನೇ ಸುತ್ತಿನಲ್ಲಿ ದೊಡ್ಡಮ್ಮ ಕೆಮ್ಮಿದಳು; ಅಮ್ಮ ಗುನುಗಿದಳು. ಹನ್ನೆರಡು ಮುಗಿದ ತಕ್ಷಣ ಎರಡೂ ಕೈ ಮೇಲಕ್ಕೆ ಬಂದವು, ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ನನಗೆ ಅಳು ಬಂತು. ಇಸ್ತ್ರಿ ಟೇಪನ್ನು ಯಂತ್ರದಿಂದ ತೆಗೆಸಿ ಪುಡಿ ಮಾಡಲು ಕಳಿಸಿದ. ಆಮೇಲೆ ಕೆಂಪು ದೀಪ ಹತ್ತಿಸಿ, "ಈಗ ಕೆಮ್ಮಮ್ಮ," ಅಂದ.

ಅಮ್ಮ ಹೆಡ್‌ಫೋನು ತೆಗೆದು ಮಡಚಿಟ್ಟಳು. ಬಾಯಿ ಬಿಗಿದು ನಿಂತಳು.

ಅಮ್ಮನಿಗೆ ಕೆಮ್ಮು ಬಾರದೆ ಹತ್ತು ನಿಮಿಷ ಕಳೆದದ್ದನ್ನು ನಾನು ಕಂಡಿಲ್ಲ. ಇವತ್ತೂ ಬಂತು. ಎದೆ ಏರಿದ್ದು ಗಾಜಿನ ಈಚೆಗೇ ಕಂಡಿತು. ಅವಳು ತುಟಿ ಕಚ್ಚಿ ಅದನ್ನು ಒಳಗೇ ನುಂಗಿದಳು. ಮತ್ತೆ ಬಂತು, ಮತ್ತೆ ನುಂಗಿದಳು. ಬಲಗೈ ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿದ್ದವು. ಅವಳು ಸುತ್ತು ಎಣಿಸುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು.

ಇಸ್ತ್ರಿ ಮೊದಲು ಪುಸಲಾಯಿಸಿದ. ಆಮೇಲೆ, ಬಾಗಿಲ ಮುಂದಿನ ಕಾಲೊರಸು ತಂದು ಅವಳ ಮುಂದೆ ಒದರು, ಧೂಳಿಗೆ ತಾನಾಗೇ ಬರುತ್ತೆ ಅಂತ ನನಗೆ ಹೇಳಿದ. ನಾನು ಏಳಲಿಲ್ಲ. ಅವನೇ ಹೋದ. ಇಸ್ತ್ರಿ ಮಾಡಿದ ಅಂಗಿಯ ತೋಳು ಮೇಲೇರಿಸಿ, ಊರವರೆಲ್ಲ ತುಳಿದ ಆ ಕಾಲೊರಸನ್ನು ನನ್ನ ತಾಯಿಯ ಮುಖದ ಮುಂದೆ ಎರಡೂ ಕೈಯಲ್ಲಿ ಹಿಡಿದು ಒದರಿದ. ದೀಪದ ಬೆಳಕಿನಲ್ಲಿ ಧೂಳು ಏಳುವುದು ಕಂಡಿತು. ಅಮ್ಮನ ಕಣ್ಣು ಕೆಂಪಾಗಿ ನೀರು ಸುರಿಯಿತು, ಕತ್ತಿನ ನರಗಳು ಉಬ್ಬಿದವು, ಮುಖ ಕಪ್ಪಿಟ್ಟಿತು. ಬೆರಳು ಮಾತ್ರ ಬಡಿಯುತ್ತಲೇ ಇತ್ತು. ಹತ್ತು. ಹನ್ನೊಂದು. ಹನ್ನೆರಡು.

ಅವಳು ಮೈಕಿನಿಂದ ತಿರುಗಿ ನಡೆದಳು. ಬಾಗಿಲ ಬಳಿ ನಿಂತು, ಉಸಿರು ಬಿಗಿ ಹಿಡಿದೇ ಅಂದಳು:

"ಹಾಡು ನಂದಲ್ಲ ಅಂತ ಬರೆಸ್ಕೊಂಡ್ರಿ, ಬರ್ಕೊಟ್ಟೆ. ಕೆಮ್ಮು ನಮ್ಮಕ್ಕಂದು. ಅದನ್ನ ಕೊಡೋಕೆ ನಾನ್ಯಾರು?"

ಕಾರಿಡಾರಿಗೆ ಕಾಲಿಟ್ಟ ಮೇಲೆ ಕೆಮ್ಮಿದಳು. ಗೋಡೆ ಹಿಡಿದು, ಬಾಗಿ, ಕಟ್ಟಡವೆಲ್ಲ ಕೇಳುವ ಹಾಗೆ.

"ಅದೇ, ಅದೇ," ಅಂತ ಇಸ್ತ್ರಿ ಕಾಲೊರಸು ಬಿಸಾಕಿ ಮೈಕನ್ನೇ ಎತ್ತಿಕೊಂಡು ಬಾಗಿಲಿಗೆ ಓಡಿದ. "ಹಿಡಿ, ಹಿಡ್ಕೋ, ನಿಲ್ಲಿಸ್ಬೇಡ."

ನಾನು ಗುಂಡಿ ಒತ್ತಿದೆ. ಕೆಂಪು ದೀಪ ಆರಿತು. ಹಾಗೇ ಬಗ್ಗಿ ಯಂತ್ರದ ತಂತಿಯನ್ನೂ ಗೋಡೆಯಿಂದ ಕಿತ್ತೆ.

"ಏನೇ ಮಾಡ್ದೆ, ಬೇವರ್ಸಿ?"

"ಹಕ್ಕಿನ ತೊಂದರೆ ಇದೆ ಸಾರ್," ಅಂದೆ.

ಅವನನ್ನು ದಾಟಿಕೊಂಡು ಕಾರಿಡಾರಿಗೆ ಹೋದೆ. ಅಮ್ಮ ನೆಲಕ್ಕೆ ಕೂತಿದ್ದಳು. ಮೂಲೆಯಿಂದ ಪುಡಿ ಯಂತ್ರ ಆ ಕೊನೆಯ ಟೇಪನ್ನು ಅಗಿಯುವ ಸದ್ದು ಬರುತ್ತಿತ್ತು. ಬಾಗಿಲುಗಳಲ್ಲಿ ಒಂದೊಂದು ತಲೆ ಇಣುಕಿತು, ಯಾರೂ ಹತ್ತಿರ ಬರಲಿಲ್ಲ. ನಾನು ಅವಳ ಪಕ್ಕ ಕೂತು, ಬೆನ್ನಿಗೆ ಕೈಯಿಟ್ಟು, ಆ ಮೂವರು ಹಿಡಿಯುತ್ತಿದ್ದ ಗುನುಗು ಹಿಡಿದೆ. ಅವಳು ಕೆಮ್ಮಿ ಮುಗಿಸುವವರೆಗೆ ಹಿಡಿಯಬೇಕು, ಆಮೇಲೆ ಹತ್ತನೇ ಸುತ್ತು. ಮೂರು ಕೆಮ್ಮು ಅಂತ ಅಳತೆ.

ಮೂರಕ್ಕೆ ನಿಲ್ಲಲಿಲ್ಲ. ಆರಕ್ಕೂ ನಿಲ್ಲಲಿಲ್ಲ. ನಾನು ಗುನುಗು ಬಿಡಲಿಲ್ಲ.