ಬಾಯಮ್ಮನ ಬಾವಿಗೆ ಎಷ್ಟು ಪುಡಿ?

ಹಳ್ಳದ ನೀರು ಬಾವಿಗೆ ನುಗ್ಗಿದ್ದು ಮನುಷ್ಯನ ಕಣ್ಣಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ. ಆ ಮಳೆಗಾಲದ ಕೊನೆಗೆ ಇನ್ನಂಜೆಯ ಬೈಲಿನಲ್ಲಿ ಹಾಗೇ ಆಯಿತು. ಮನೆಗೊಬ್ಬರು ಚೆಂಬು ಹಿಡಿದು ಗುಡ್ಡೆಗೆ ಓಡಿದರು. ಮ್ಯಾಗ್ಡಲಿನ್ ಬಾಯಿಯ ಮನೆಯಲ್ಲಿ ಓಡಿದವಳು ಮದುಮಗಳೇ, ಹಿರಿಯ ಮಗಳು ಗ್ಲ್ಯಾಡಿಸ್. ಮದುವೆಗೆ ಎರಡು ವಾರ ಇರುವಾಗ ಹೊಸದಾಗಿ ಹೊಲಿಸಿದ ರವಿಕೆ ಸಡಿಲವಾಯಿತು.

ಗ್ಲ್ಯಾಡಿಸ್ ಬೇಗ ಚೇತರಿಸಿಕೊಂಡಳು. ಮ್ಯಾಗ್ಡಲಿನ್ ಚೇತರಿಸಿಕೊಳ್ಳಲಿಲ್ಲ. ಮದುವೆಯ ಊಟ ಮನೆಯಂಗಳದಲ್ಲೇ. ಕಾರ್ಕಳದ ಬೀಗರು ಒಂದು ಬಸ್ಸು ತುಂಬ ಬರುವವರು. ಅವರೆಲ್ಲ ಕುಡಿಯಬೇಕಾದ್ದು ಇದೇ ಬಾವಿಯ ನೀರು. ಊಟ ಮಾಡಿ ಹೋದವರು ಹಾಸಿಗೆ ಹಿಡಿದರೆ ಮಗಳು ಆ ಮನೆಯಲ್ಲಿ ಬಾಳುವುದು ಹೇಗೆ?

ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸ್ ಕುಶಲಾ ಕೊಡೆ ಮಡಚುತ್ತ ಅಂಗಳಕ್ಕೆ ಬಂದಳು.

“ಬಾಯಮ್ಮ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದೀರಾ?”

“ಹಾಕಿದ್ದೇನೆ ಮಾರಾಯ್ತಿ.”

“ಎಷ್ಟು?”

ಮ್ಯಾಗ್ಡಲಿನ್ ಮೂರು ಬೆರಳು ಜೋಡಿಸಿ ತೋರಿಸಿದಳು. “ಇಷ್ಟು.”

ಕಿರಿಯ ಮಗಳು ಝೀಟಾ ಉಡುಪಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವವಳು. ಅಮ್ಮನ ಬೆರಳು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. “ಮಾಯ್ ಬಾವಿಗೆ ಪುಡಿ ಹಾಕುವುದಲ್ಲ, ಪಾದ್ರಿಗಳು ತೀರ್ಥ ಚಿಮುಕಿಸಿದ ಹಾಗೆ ಚಿಮುಕಿಸುವುದು!”

“ನಗಬೇಡ. ಮೇ ತಿಂಗಳಲ್ಲಿ ನಿನ್ನ ಅಪ್ಪ ಎಂತ ಮಾಡಿದರು, ಮರೆತೆಯಾ?”

ಮರೆಯುವ ಸಂಗತಿಯಲ್ಲ. ಲೂಯಿಸ್ ಕಾಲು ಕಿಲೋದ ಇಡೀ ಪ್ಯಾಕೆಟ್ಟನ್ನು ಬಾವಿಗೆ ಸುರಿದಿದ್ದ. ಚಹಾಕ್ಕೆ ಆಸ್ಪತ್ರೆಯ ವಾಸನೆ, ಮಲ್ಪೆಯಿಂದ ತಂದ ಬಂಗುಡೆಯ ಸಾರಿಗೂ ಅದೇ ವಾಸನೆ.

“ಒಂದು ಬಾವಿಗೆ ಒಂದು ಪ್ಯಾಕೆಟ್. ನಾನು ಸರಿಯಾಗಿಯೇ ಹಾಕಿದ್ದು,” ಎಂದ ಲೂಯಿಸ್, ಜಗಲಿಯಿಂದ ಏಳದೆ.

“ಸರಿಯಂತೆ! ಆ ವಾರ ನಾಯಿ ಕೂಡ ನಮ್ಮ ಗಂಜಿ ಮುಟ್ಟಲಿಲ್ಲ. ಮದುವೆಗೆ ಆ ವಾಸನೆ ಬಂದರೆ ನಾನೇ ಬಾವಿಗೆ ಹಾರುತ್ತೇನೆ.”

“ಇಬ್ಬರದ್ದೂ ತಪ್ಪು,” ಎಂದಳು ಝೀಟಾ. “ಮೇಯಲ್ಲಿ ನೀರು ತಳದಲ್ಲಿ ಸ್ವಲ್ಪವೇ ಇತ್ತು. ಈಗ ಬಾವಿ ತುಂಬಿ ನಿಂತಿದೆ. ಪುಡಿ ಎಷ್ಟು ಅಂತ ಕೇಳಿದರೆ ಸಾಲದು, ಎಷ್ಟು ನೀರಿಗೆ ಎಷ್ಟು ಪುಡಿ ಅಂತ ಕೇಳಬೇಕು. ಲ್ಯಾಬಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು. ಒಂದು ಪಾಲು ಗಟ್ಟಿ ಆಸಿಡನ್ನು ನೀರಿಗೆ ಸೇರಿಸಿ ಒಟ್ಟು ಹತ್ತು ಪಾಲು ಮಾಡಿದರೆ ಅದರ ಬಲ ಹತ್ತರಲ್ಲಿ ಒಂದಾಗುತ್ತದೆ.”

“ಲ್ಯಾಬ್ ಬೇರೆ, ಬಾವಿ ಬೇರೆ.”

“ಮನೆಯ ನಾಲ್ಕು ಜನರ ಸಾರಿಗೆ ಹಾಕುವಷ್ಟೇ ಉಪ್ಪನ್ನು ಮದುವೆಯ ಹಂಡೆಗೂ ಹಾಕುತ್ತೀಯಾ?”

“ನನಗೆ ಎಂತ ಮರುಳಾ?”

“ಮತ್ತೆ ಬಾವಿಯ ಹತ್ತಿರ ಹೋದ ಕೂಡಲೇ ಯಾಕೆ ಮರುಳು?”

ಕುಶಲಾ ಕೊಡೆಯ ಹಿಂದೆ ಮುಖ ಮರೆಸಿಕೊಂಡು ನಕ್ಕಳು. ಮ್ಯಾಗ್ಡಲಿನ್ ಒಳಗೆ ಹೋಗಿ ಹೊಲಿಗೆಯ ಟೇಪು ತಂದು ಮಗಳ ಕೈಗಿಟ್ಟಳು. “ಮದುಮಗಳ ಅಳತೆ ಮುಗಿಯಿತು. ಇನ್ನು ಬಾವಿಯದ್ದು ತೆಗೆ.”

ಬಾವಿಯ ಒಳ ಅಗಲ ಮೂರು ಮೀಟರ್. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟಿಸಿ ಮೇಲೆಳೆದರು. ಒದ್ದೆಯಾದ ಹಗ್ಗ ನಾಲ್ಕು ಮೀಟರ್. ಅಷ್ಟೇ ನೀರಿನ ಆಳ.

“ಅಗಲವನ್ನು ಅಗಲದಿಂದಲೇ ಗುಣಿಸಿ, ಮತ್ತೆ ಆಳದಿಂದ ಗುಣಿಸಿ,” ಎಂದಳು ಕುಶಲಾ. “ಬಂದದ್ದನ್ನು ಏಳುನೂರ ಎಂಬತ್ತೈದರಿಂದ ಗುಣಿಸಿದರೆ ಲೀಟರು ಸಿಗುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ.”

ಝೀಟಾ ಇದ್ದಿಲಿನಿಂದ ಬಾವಿಕಟ್ಟೆಯ ಮೇಲೆಯೇ ಬರೆದಳು. ನೀರು ಇಪ್ಪತ್ತೆಂಟು ಸಾವಿರ ಲೀಟರು. ಪುಡಿ ಎಪ್ಪತ್ತು ಗ್ರಾಂ.

“ಮೇಯಲ್ಲಿ ನೀರಿದ್ದದ್ದು ಒಂದೇ ಮೀಟರ್. ಹದಿನೆಂಟು ಗ್ರಾಂ ಸಾಕಿತ್ತು. ಅಪ್ಪ ಹಾಕಿದ್ದು ಅದರ ಹದಿನಾಲ್ಕು ಪಟ್ಟು!”

“ನನ್ನ ಕೈ ಸ್ವಲ್ಪ ಧಾರಾಳ,” ಎಂದ ಲೂಯಿಸ್.

“ಪೇಟೆಗೆ ಹೋದಾಗ ಆ ಧಾರಾಳ ಎಲ್ಲಿಗೆ ಹೋಗುತ್ತದೆ?” ಎಂದಳು ಮ್ಯಾಗ್ಡಲಿನ್.

ಮನೆಯಲ್ಲಿದ್ದ ಪುಡಿ ಮುಚ್ಚಳವಿಲ್ಲದ ಡಬ್ಬಿಯಲ್ಲಿತ್ತು. ಕುಶಲಾ ಮೂಸಿ ನೋಡಿ ಬದಿಗಿಟ್ಟಳು. “ತೆರೆದಿಟ್ಟರೆ ಪುಡಿ ಉಳಿಯುತ್ತದೆ ಬಾಯಮ್ಮ, ಬಲ ಉಳಿಯುವುದಿಲ್ಲ. ಬಲ ಇಲ್ಲದ ಪುಡಿಗೆ ಎಂತ ಲೆಕ್ಕ?” ತನ್ನ ಚೀಲದಿಂದ ಹೊಸ ಪ್ಯಾಕೆಟ್ ತೆಗೆದಳು. ಲೂಯಿಸ್ ತನ್ನ ಅಂಗಡಿಯಿಂದ ಏಲಕ್ಕಿ ತೂಗುವ ಸಣ್ಣ ತಕ್ಕಡಿ ತಂದ.

ತೂಗಿದ ಪುಡಿಯನ್ನು ಬಕೆಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕಲಕಿ, ಹತ್ತು ನಿಮಿಷ ಬಿಟ್ಟರು. ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿದರು. ತಳದಲ್ಲಿ ಉಳಿದದ್ದನ್ನು ಮ್ಯಾಗ್ಡಲಿನ್ ಬಾವಿಯತ್ತ ಎತ್ತಿದಳು. “ಇದೂ ಪುಡಿಯೇ ಅಲ್ವಾ?”

“ಅದು ಬರೀ ಸುಣ್ಣ! ದೂರ ಚೆಲ್ಲಿ!” ಕುಶಲಾ ಓಡಿ ಬಂದು ಕೈ ಹಿಡಿದಳು.

ತಿಳಿ ನೀರಿನ ಬಕೆಟನ್ನು ಬಾವಿಗಿಳಿಸಿ, ಎಲ್ಲ ನೀರಿಗೂ ಬೆರೆಯುವಂತೆ ಲೂಯಿಸ್ ಮೇಲೆ ಕೆಳಗೆ ಎಳೆದಾಡಿದ. ಆ ಸಂಜೆ ಯಾರೂ ನೀರು ಸೇದಲಿಲ್ಲ. ಬೆಳಿಗ್ಗೆ ಮ್ಯಾಗ್ಡಲಿನ್ ಮೊದಲ ಕೊಡದ ನೀರಿನಲ್ಲಿ ಚಹಾ ಮಾಡಿ, ಮೂಸಿ, ಮತ್ತೆ ಮೂಸಿ, ಕುಡಿದಳು. ಚಹಾ ಚಹಾದಂತೆಯೇ ಇತ್ತು. ಎರಡನೆಯ ಲೋಟವನ್ನೂ ಕುಡಿದಳು.

ಮದುವೆಗೆ ಎರಡು ದಿನ ಮೊದಲು ಮತ್ತೊಮ್ಮೆ ಪುಡಿ ಹಾಕಿಸಲು ಕುಶಲಾ ಬರುವಾಗ ಮ್ಯಾಗ್ಡಲಿನ್ ತಾನೇ ಕಲ್ಲು ಕಟ್ಟಿದ ಹಗ್ಗ ಹಿಡಿದು ನಿಂತಿದ್ದಳು. “ನೀರು ಅರ್ಧ ಮೀಟರ್ ಇಳಿದಿದೆ ಝೀಟಾ. ಪುಡಿ ಕಡಿಮೆ ಮಾಡು. ಅಪ್ಪನನ್ನು ತಕ್ಕಡಿಯ ಹತ್ತಿರ ಬಿಡಬೇಡ.”

ಮದುವೆಯ ದಿನ ಬ್ಯಾಂಡು, ನಗು, ಅಂಗಳ ತುಂಬ ಜನ. ಮದುಮಗನ ಸೋದರತ್ತೆ ಝೀಟಾ ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದಳು. ಮ್ಯಾಗ್ಡಲಿನ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹತ್ತಿರ ಬಂದಳು.

“ನೀರು ಹೇಗುಂಟು?”

ಸೋದರತ್ತೆ ವಿಚಿತ್ರವಾಗಿ ನೋಡಿದಳು. “ನೀರು ನೀರಿನ ಹಾಗೆ ಉಂಟು. ನಿಮ್ಮಲ್ಲಿ ಎಂತ, ಬೇರೆ ಹಾಗೆಯೂ ಇರುತ್ತದಾ?”

ಮ್ಯಾಗ್ಡಲಿನ್ ನಕ್ಕ ನಗು ಬ್ಯಾಂಡಿನವರಿಗೂ ಕೇಳಿಸಿತು. ವಾರದ ಮೇಲೆ ಕಾರ್ಕಳದಿಂದ ಬಂದ ಸುದ್ದಿ ಇನ್ನೂ ಚೆನ್ನಾಗಿತ್ತು: ಆ ಬಸ್ಸಿನಲ್ಲಿ ಬಂದವರಲ್ಲಿ ಒಬ್ಬರಿಗೂ ಹೊಟ್ಟೆ ಕೆಟ್ಟಿರಲಿಲ್ಲ.

ಓದುವವರೇ, ಕೇಳುವವರೇ, ನಿಮ್ಮ ಬಾವಿಯಲ್ಲಿ ಇವತ್ತು ಎಷ್ಟು ನೀರಿದೆ? ಗೊತ್ತಿಲ್ಲದಿದ್ದರೆ ಪುಡಿಯ ಪ್ಯಾಕೆಟ್ ಬಿಚ್ಚಬೇಡಿ. ಮೊದಲು ಹಗ್ಗ ಇಳಿಸಿ ಅಳೆಯಿರಿ. ಮಳೆಗಾಲದ ಲೆಕ್ಕ ಬೇಸಗೆಗೆ ಆಗುವುದಿಲ್ಲ, ಪಕ್ಕದ ಮನೆಯ ಲೆಕ್ಕ ನಿಮಗೆ ಆಗುವುದಿಲ್ಲ. ಗುಣಾಕಾರ ಬಾರದಿದ್ದರೆ ನಾಚಿಕೆ ಬೇಡ, ಶಾಲೆಗೆ ಹೋಗುವ ಮಕ್ಕಳನ್ನು ಕೇಳಿ, ನರ್ಸಮ್ಮನನ್ನು ಕೇಳಿ. ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕಡಿಮೆ ಹಾಕಿದರೆ ರೋಗಾಣು ಸಾಯುವುದಿಲ್ಲ, ಹೆಚ್ಚು ಹಾಕಿದರೆ ನೀರು ಕುಡಿಯಲಾಗುವುದಿಲ್ಲ. ಅಳೆದು ಹಾಕಿ, ನಿಶ್ಚಿಂತೆಯಿಂದ ಕುಡಿಯಿರಿ.