ಎಡಕ್ಕೆ ದೊಡ್ಡವ್ವ, ಬಲಕ್ಕೆ ನಾಗಲಿಂಗ

ಮೂರನೆಯ ಸಲ ಬಂದ್ ಮಾಡಿ ಚಾಲೂ ಮಾಡಿದರೂ ಎಡಗಡೆ ಸದ್ದಿಲ್ಲ. ನಾಗಲಿಂಗ ಹೆಡ್‌ಫೋನಿನ ಪಿನ್ನು ಕಿತ್ತು ಊದಿದ, ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಲ್ಯಾಪ್‌ಟಾಪಿಗೆ ಚುಚ್ಚಿದ. ಬಲಗಿವಿಯಲ್ಲಿ ಅವನದೇ ದನಿ: 'ಎಷ್ಟ ವರ್ಷ ಆತು ದೊಡ್ಡವ್ವ, ನೇಯಾಕ ಹತ್ತಿ?' ಆಮೇಲೆ ಏನೂ ಇಲ್ಲ. ಬಹಳ ಹೊತ್ತಿನ ನಂತರ ಮತ್ತೆ ಅವನೇ, 'ಹೂಂ.'

ದೊಡ್ಡವ್ವ ಗುರುಲಿಂಗವ್ವ ಇಳಕಲ್ಲಿನಲ್ಲಿ ಐವತ್ತು ವರ್ಷ ಕೈಮಗ್ಗದ ಸೀರೆ ನೇಯ್ದವಳು. ತಾಯಿ ಸತ್ತ ನಾಗಲಿಂಗನನ್ನು ಸಾಕಿದವಳೂ ಅವಳೇ. ನೇಕಾರರ ಮೇಲೆ ಪಿಎಚ್‌ಡಿ ಬರೆಯುತ್ತಿದ್ದ ಅವನು ಯುಗಾದಿಗೆ ಊರಿಗೆ ಹೋದಾಗ ಅವಳ ಸೆರಗಿಗೊಂದು, ತನ್ನ ಕಾಲರಿಗೊಂದು ಮೈಕು ಸಿಕ್ಕಿಸಿದ್ದ. ಅವಳ ಮಾತು ಎಡಕ್ಕೆ, ತನ್ನದು ಬಲಕ್ಕೆ, ಬರೆದುಕೊಳ್ಳಲು ಸಸಾರವೆಂದು. ಮುಕ್ಕಾಲು ಗಂಟೆ ರೆಕಾರ್ಡಿಂಗ್ ಮೆಷಿನ್ನಿನ ಕೆಂಪು ದೀಪ ಆರದಂತೆ ಕಾಯುತ್ತ ಕೂತಿದ್ದ. ಆಷಾಢದಲ್ಲಿ ಅವಳು ತೀರಿಕೊಂಡಳು. ನಾಳೆ ಅಧ್ಯಾಯ ಒಪ್ಪಿಸಬೇಕು. ಅವಳು ಹೇಳಿದ್ದರಲ್ಲಿ ಅವನಿಗೆ ಒಂದು ಮಾತೂ ನೆನಪಿಲ್ಲ.

ಲ್ಯಾಪ್‌ಟಾಪಿನ ಸ್ಪೀಕರಿಗೆ ಹೋದ ವರ್ಷವೇ ಚಹಾ ಕುಡಿಸಿ ಆಗಿತ್ತು. ಇದ್ದದ್ದು ಹೆಡ್‌ಫೋನೊಂದೇ. ಪರದೆಯ ಮೂಲೆಯಲ್ಲಿ ಎಡ-ಬಲದ ಗುಂಡಿಯನ್ನು ಪೂರ್ತಿ ಎಡಕ್ಕೆ ಎಳೆದ. ತನ್ನ ದನಿಯೂ ಹೋಯಿತು. ಡ್ರೈವರ್ ಅಳಿಸಿ ಹೊಸದಾಗಿ ಹಾಕಿದ. ಅದಕ್ಕೇ ಒಂದು ತಾಸು ಹಿಡಿಯಿತು, ಎಡಗಡೆ ಮಾತ್ರ ಮೊದಲಿನಂತೆಯೇ ಸತ್ತಿತ್ತು.

ಮಧ್ಯಾಹ್ನ ನವನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಮಲ್ಲುವಿನ ಅಂಗಡಿಗೆ ಹೋದ. ಹೆಡ್‌ಫೋನು ಮಾರಿದವನು ಅವನೇ. ಮಲ್ಲು ಅದನ್ನು ಕಿವಿಗೆ ಹಾಕಿಕೊಂಡು ಒಂದು ಹಾಡು ಕೇಳಿ, ಎರಡೂ ಕಡೆ ಛಲೋ ಬರ್ತದಂದ. ನಾಗಲಿಂಗ ಅವನಿಗೆ ಕಾಲೇಜಿನ ಕನ್ನಡದಲ್ಲಿ ವ್ಯಾಪಾರದ ನೀತಿ ಹೇಳಿದ. ಮಲ್ಲು ಎದುರಾಡದೆ ಬೇರೆಯದನ್ನು ಕೊಟ್ಟ. ಮನೆಗೆ ತಂದು ಹಾಕಿ ನೋಡಿದರೆ ಅದೂ ಇದರ ತಮ್ಮನೇ.

ಸಂಜೆ ಹುನಗುಂದದ ಸಾಲೆಯಲ್ಲಿ ಪಾಠ ಮುಗಿಸಿ ಹೆಂಡತಿ ಶೀಲಾ ಬಂದಳು. ಮದುವೆಯಾಗಿ ಹನ್ನೊಂದು ವರ್ಷ. ಈಗ ಅವರ ನಡುವೆ ಉಳಿದದ್ದು ಹಾಲು, ಸಿಲಿಂಡರು, ಬಸ್ಸಿನ ಹೊತ್ತು ಇಷ್ಟೇ. ಮಲ್ಲುವಿನ ವಿರುದ್ಧ ಒಂದು ಸಾಕ್ಷಿ ಬೇಕಿತ್ತು, ಹೆಂಡತಿಯ ಕೈಗೆ ಹೆಡ್‌ಫೋನು ಕೊಟ್ಟ.

ಅವಳು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಕುರ್ಚಿಯ ತುದಿಗೆ ಕೂತಳು. ಸ್ವಲ್ಪ ಹೊತ್ತಿಗೆ ಬ್ಯಾಗು ಕೆಳಗಿಟ್ಟಳು. ಒಮ್ಮೆ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವನಿಗೆ ಸಿಟ್ಟು ಬಂತು.

'ಎಡಗಡೆ ಬರವಲ್ದಲ್ಲ?'

'ಬರಾಕತ್ತೈತಿ. ಎಡಗಡೆ ಅತ್ತಿ, ಬಲಗಡೆ ನೀವು. ನೀವು ಬರೇ ಹೂಂ ಅಂತೀರಿ.'

ಕಿತ್ತುಕೊಂಡು ಹಾಕಿಕೊಂಡ. ಏನೂ ಇಲ್ಲ. ಶೀಲಾ ಅವನನ್ನೇ ನೋಡಿದಳು. ಹೆಡ್‌ಫೋನು ತೆಗೆಸಿ, ಅವನ ಬೆನ್ನಿಗೆ ನಿಂತು ಎಡಗಿವಿಯ ಹತ್ತಿರ ಚಿಟಿಕೆ ಹೊಡೆದಳು. ಅವನು ಕಾಯುತ್ತಲೇ ಇದ್ದ. ಬಲಕ್ಕೆ ಹೊಡೆದಾಗ ಬೆಚ್ಚಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಬೆಳಗಿನಿಂದ ಅವನು ರಿಪೇರಿ ಮಾಡಿದ್ದೆಲ್ಲ ನೆಲವನ್ನೇ.

ಅವನು ಬೆಳೆದದ್ದು ಅಪ್ಪನ ಇಪ್ಪತ್ತು ಪಾವರ್‌ಲೂಮಿನ ಸದ್ದಿನಲ್ಲಿ. ಆ ಗದ್ದಲದಲ್ಲಿ ಎಲ್ಲರದೂ ಕೈಸನ್ನೆ, ತುಟಿಯ ಮಾತು. ಅಲ್ಲಿ ಯಾವ ಹುಡುಗನ ಕಿವಿ ಹೋಗಿದೆಯೆಂದು ಯಾರೂ ಕೇಳುವುದಿಲ್ಲ, ಹೋದವನಿಗೂ ಗೊತ್ತಾಗುವುದಿಲ್ಲ.

ನಾಗಲಿಂಗನಿಗೆ ದುಃಖವಾಗಲಿಲ್ಲ. ನಾಚಿಕೆಗೇಡಿನ ಹಾಗೆ ಹಗುರವಾಯಿತು. ಶೀಲಾ ಮಲಗುವುದು ಎಡಕ್ಕೆ, ಬಸ್ಸಿನಲ್ಲಿ ಕೂರುವುದು ಎಡಕ್ಕೆ. ಹೇಳಿದ್ದಕ್ಕೆ ಓ ಅನ್ನುವುದಿಲ್ಲವೆಂಬ ಅವಳ ಹನ್ನೊಂದು ವರ್ಷದ ದೂರಿಗೆ ಉತ್ತರ ಸಿಕ್ಕಿತ್ತು.

'ನೋಡು, ನಂದೇನ್ ತಪ್ಪಿಲ್ಲ. ಕಿವಿ ಕೆಟ್ಟಿತ್ತು. ನೀ ಯಾವಾಗ್ಲೂ ಎಡಕ್ಕ ಇರ್ತಿದ್ದಿ.'

ಶೀಲಾ ಬ್ಯಾಗು ಎತ್ತಿಕೊಂಡಳು.

'ಕೂಸು ಹ್ವಾದಾಗ ದವಾಖಾನ್ಯಾಗ ನಾ ನಿಮ್ಮ ಬಲಕ್ಕ ಕುಂತಿದ್ದೆ. ಎರಡ ತಾಸು ಮಾತಾಡಿದ್ನಿ.'

ನೆನಪಿಸಿಕೊಳ್ಳಲು ನೋಡಿದ. ಗೋಡೆಯ ಮೇಲಿನ ಕ್ಯಾಲೆಂಡರು ನೆನಪಾಯಿತು, ಅದರಲ್ಲಿದ್ದ ದೇವರು ಯಾವುದೆಂಬುದೂ. ಅವಳ ಮಾತು ನೆನಪಾಗಲಿಲ್ಲ. ದೊಡ್ಡವ್ವ ಏನು ಹೇಳಿದಳೆಂದು ಕೇಳಿದ. ನಿಮಗ ಹೇಳ್ಯಾರ, ನಿಮಗ ಗೊತ್ತಿರಬೇಕು, ಎಂದು ಅವಳು ಒಳಗೆ ಹೋದಳು.

ಅಕ್ಷರ ಬಾರದವನು ಹೆಡ್‌ಫೋನನ್ನು ಬೆಳಿಗ್ಗೆಯೇ ತಿರುಗಿಸಿ ಹಾಕಿಕೊಂಡಿರುತ್ತಿದ್ದ. ನಾಗಲಿಂಗ ಓದಿದವನು, ಎಡ ಬಲವೆಂದು ಬರೆದದ್ದನ್ನು ಸಂಜೆತನಕ ನಂಬಿದ್ದ. ಈಗ ತಿರುಗಿಸಿದ. ಬಲಗಿವಿಗೆ ಗುರುಲಿಂಗವ್ವ ಉಸಿರಿನ ಸಮೇತ ಬಂದಳು. ನೇಯ್ಗೆಯ ಮಾತು ಕಡಿಮೆ. ಅವನ ಅವ್ವನ ಮಾತೇ ಹೆಚ್ಚು. ಅವಳು ನಕ್ಕದ್ದು, ಹಾಸಿಗೆ ಹಿಡಿದದ್ದು. ಹನ್ನೆರಡನೆಯ ನಿಮಿಷದಲ್ಲಿ ದನಿ ಇಳಿಯಿತು.

'ಸಾಯೂ ಮುಂದ ನಿಮ್ಮವ್ವ ನಿನಗ ಹೇಳಂತ ಒಂದ ಮಾತ ಹೇಳಿದ್ಲೋ ತಮ್ಮಾ. ಇಷ್ಟ ವರ್ಷ ನನ್ನ ಹಂತ್ಯಾಕ ಇಟಗೊಂಡೇನಿ. ಹೇಳ್ಲೇನು?'

ಅಲ್ಲಿ ಅವನ ಉತ್ತರದ ಜಾಗ ಖಾಲಿ.  ನಾಗಲಿಂಗ ಹಿಂದಕ್ಕೆ ಸರಿಸಿ, ಹೆಡ್‌ಫೋನು ತಿರುಗಿಸಿ, ಆ ಜಾಗದಲ್ಲಿ ತಾನೇನೆಂದೆ ಎಂದು ಕೇಳಿದ.

'ಒಂದ ಸೀರಿಗೆ ಎಷ್ಟ ಎಳಿ ಹಿಡೀತಾವು ದೊಡ್ಡವ್ವ?'

ಮತ್ತೆ ತಿರುಗಿಸಿದ.  'ಆತು ಬಿಡು,' ಅಂದಳು ಮುದುಕಿ. ಲಾಳಿ ಓಡಿತು, ಮಗ್ಗ ಬಡಿಯಿತು. ಅವನು ನಿಮಿಷ ನಿಮಿಷವಾಗಿ ಮುಂದಕ್ಕೆ ಸರಿಸಿದ. ಹದಿನೈದು, ಇಪ್ಪತ್ತು, ಮೂವತ್ತು. ಎಲ್ಲಿ ಇಳಿದರೂ ಮಗ್ಗದ ಸದ್ದೇ, ಅವ್ವನ ಆ ಮಾತಿಲ್ಲ. ಅವಳು ಅವನಿಗೆ ಬೆನ್ನು ಹಾಕಿ ನೇಯುತ್ತಿದ್ದಳು.