ಒರೆಸಿದರೂ ಹೋಗದ ಮಸುಕು

ಆ ವೀಕ್ಷಣಾಲಯದಲ್ಲಿ ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಮೈ ಸಣಕಲು ಎಂಬುದಕ್ಕಿಂತ, ಮಾತು ಕಡ್ಡಿ ಮುರಿದ ಹಾಗೆ ಎಂಬುದಕ್ಕೆ. ಅಂಥವಳನ್ನೂ ನಿರ್ದೇಶಕರು ಒಂದು ವರ್ಷ ಬಾಯಿ ಮುಚ್ಚಿಸಿ ಕೂರಿಸಿದ್ದರು.

ಅವಳು ಬೆನ್ನು ಹತ್ತಿದ್ದು ಒಂದು ನಕ್ಷತ್ರಜೋಡಿಯನ್ನು. ಎರಡೂ ಒಂದನ್ನೊಂದು ಸುತ್ತುತ್ತವೆ. ಒಂದು ಇನ್ನೊಂದಕ್ಕೆ ಅಡ್ಡ ಬಂದಾಗ ಬೆಳಕು ಕುಸಿಯುತ್ತದೆ, ಸರಿದಾಗ ಮೊದಲಿನಂತಾಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಯಾವುದೂ ಅಡ್ಡ ಬಾರದ ಹೊತ್ತಿನಲ್ಲೂ, ಪ್ರತಿ ಸುತ್ತಿನ ಅದೇ ಹಂತದಲ್ಲಿ, ಬೆಳಕು ಚೂರು ಮಸುಕಾಗುತ್ತಿತ್ತು. ದೊಡ್ಡ ನಕ್ಷತ್ರದ ಮೈಮೇಲೆ ಕಪ್ಪು ಕಲೆಗಳಿವೆ, ಆ ಮಗ್ಗುಲು ನಮ್ಮ ಕಡೆ ತಿರುಗಿದಾಗ ಬೆಳಕು ತಗ್ಗುತ್ತದೆ ಎಂದು ಅವಳು ಬೆಳಕಿನ ಏರಿಳಿತದ ನಕ್ಷೆ ಹಿಡಿದು ಹೇಳಿದಳು.

ನಿರ್ದೇಶಕರು ಓರೆಗಣ್ಣಿನಲ್ಲಿ ನೋಡಿ, ಕೋಣೆ ತುಂಬ ಜನರಿರುವಾಗಲೇ, "ಕಲೆನೂ ಇಲ್ಲ, ಗಿಲೆನೂ ಇಲ್ಲ. ಕ್ಯಾಮೆರಾ ಗಾಜಿನ ಮೇಲೆ ಕೊಳೆ ಕೂತಿದೆ. ಮೊದಲು ಹೋಗಿ ಒರೆಸಮ್ಮ," ಎಂದರು.

ಒರೆಸಿದಳು. ಮಸುಕು ಹೋಗಲಿಲ್ಲ. ಮತ್ತೆ ಒರೆಸಿದಳು. ಅದೇ ಚಿತ್ರದಲ್ಲಿದ್ದ ಪಕ್ಕದ ಬೇರೊಂದು ನಕ್ಷತ್ರ ಎಳ್ಳಷ್ಟೂ ಮಸುಕಾಗಿಲ್ಲವೆಂದು ತೋರಿಸಿದಳು. "ಒರೆಸೋದಕ್ಕೂ ಒಂದು ಶಿಸ್ತು ಬೇಕು," ಎಂದರು ಆ ಮಹಾನುಭಾವರು. ನಕ್ಷತ್ರದ ಸುತ್ತು ನೋಡಿಕೊಂಡು ಹಾಜರಾಗಿ, ಉಳಿದ ಹೊತ್ತು ರಜೆ ಹಾಕುವ ಕೊಳೆ ಲೋಕದಲ್ಲಿ ಎಲ್ಲಿದೆ? ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಆ ಜೋಡಿಯ ಬಗ್ಗೆ ನಿರ್ದೇಶಕರ ಪ್ರಬಂಧ ಅಚ್ಚಾದಾಗ, ನಕ್ಷೆಯಲ್ಲಿದ್ದ ಆ ಮಸುಕಿನ ಬಿಂದುಗಳನ್ನೆಲ್ಲ ಕಿತ್ತೆಸೆದು, ನುಣ್ಣನೆಯ ಗೆರೆ ಎಳೆಯಲಾಗಿತ್ತು. ನೋಡಿದವಳಿಗೆ ಮೈಯೆಲ್ಲ ಉರಿದುಹೋಯಿತು.

"ನುಂಗ್ಕೋ," ಎಂದಳು ಅಕ್ಕ, ಬಟ್ಟೆಗೆ ಇಸ್ತ್ರಿ ಹಾಕುತ್ತ. "ಕೆಲಸ ಕಾಯಂ ಆಗೋವರೆಗೂ ನುಂಗ್ಕೊಂಡಿರು."

"ನುಂಗಿ ನುಂಗಿ ಹೊಟ್ಟೆ ತುಂಬಿದೆ ಅಕ್ಕ. ನಾನು ನೋಡಿದ್ದೇ ಸುಳ್ಳು ಅಂತಾರೆ. ಅದನ್ನ ಹೇಗೆ ನುಂಗ್ಲಿ?"

ಆದರೂ ನುಂಗಿದಳು.

ಮರುವರ್ಷ ಮಸುಕು ಸುತ್ತಿನ ಬೇರೆ ಹಂತಕ್ಕೆ ಸರಿದಿತ್ತು. ಕಲೆಗಳು ಜಾಗ ಬದಲಿಸಿದರೆ ಆಗುವುದು ಹೀಗೆಯೇ. ಅಷ್ಟರಲ್ಲಿ ಬೇರೊಂದು ವೀಕ್ಷಣಾಲಯದವರೂ ಅದೇ ಜೋಡಿಯಲ್ಲಿ ಕಲೆ ಕಂಡೆವೆಂದರು. ಅಷ್ಟೇ ಸಾಕಾಯಿತು. ನಿರ್ದೇಶಕರು ಹೊರಗಿನ ವಿದ್ವಾಂಸರನ್ನು ಕರೆಸಿ ಸಭೆ ಸೇರಿಸಿದರು. ಪರದೆಯ ಮೇಲೆ ಕಪ್ಪು ಕಲೆಗಳ ನಕ್ಷತ್ರ. ಅದರ ಕೆಳಗೆ, ಕಿತ್ತೆಸೆದಿದ್ದ ಅವಳ ಬಿಂದುಗಳೇ ಸಾಲಾಗಿ ಕೂತಿದ್ದವು. "ಇದನ್ನ ನಾನು ಹೋದ ವರ್ಷವೇ ಗುರುತಿಸಿದ್ದೆ," ಎಂದರು. ನಾಚಿಕೆ ಎಂಬುದು ಇದ್ದಿದ್ದರೆ ನಾಲಿಗೆ ತೊದಲಬೇಕಿತ್ತು. ತೊದಲಲಿಲ್ಲ. ಕೊನೆಯಲ್ಲಿ ಕೃತಜ್ಞತೆಗಳು ಬಂದವು. ಅವಳಿಗೂ ಒಂದು ಸಾಲು ಸಿಕ್ಕಿತ್ತು: ಉಪಕರಣಗಳ ಸ್ವಚ್ಛತೆಗಾಗಿ.

ಅಕ್ಕನ ಮಾತು ನೆನಪಾಯಿತು. ಆದರೂ ಎದ್ದಳು. ಚೀಲದಿಂದ ಗಾಜು ಒರೆಸುವ ಬಟ್ಟೆ ತೆಗೆದುಕೊಂಡು, ಎಲ್ಲರೆದುರೇ ನಡೆದುಹೋಗಿ ಪರದೆಯ ಪಕ್ಕ ನಿಂತಳು.

"ಸರ್, ಇಲ್ಲಿ ಕೊಳೆ ಇದೆ. ಒರೆಸ್ಲಾ?"

ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಎಲ್ಲಿದೆಯಮ್ಮ ಕೊಳೆ? ಅವು ನಕ್ಷತ್ರದ ಕಲೆಗಳಲ್ವಾ?" ಎಂದರು.

"ಹೋದ ವರ್ಷ ಇವೆಲ್ಲ ಕೊಳೆನೇ ಆಗಿತ್ತು ಸರ್. ಒರೆಸಿ ಒರೆಸಿ ನನ್ನ ಕೈ ಸೋತುಹೋಗಿದೆ. ಯಾವಾಗಿಂದ ಕಲೆ ಆಯ್ತು ಅಂತ ಅವರನ್ನೇ ಕೇಳಿ."

ಹಿರಿಯರು ನಿರ್ದೇಶಕರ ಕಡೆ ತಿರುಗಿದರು. ಅವರ ಹಿಂದೆಯೇ ಸಭೆಯೆಲ್ಲ ತಿರುಗಿತು. ಅವಳು ಬಟ್ಟೆಯನ್ನು ಮಡಿಸಿ ನಿರ್ದೇಶಕರ ಮುಂದಿಟ್ಟಳು. ಆಮೇಲೆ ಮೊದಲ ಸಾಲಿನ ಖಾಲಿ ಕುರ್ಚಿಯಲ್ಲಿ, ಉತ್ತರ ಕೇಳಿಸಿಕೊಳ್ಳಲು ಕೂತಳು.